‘ಮಗು ಚೆನ್ನಾಗಿದೆಯಲ್ಲ, ಮತ್ತೇನು?’: ಹೆರಿಗೆ ವಾರ್ಡಿನ ಸಿಬ್ಬಂದಿಗೆ ತರಬೇತಿ ಕೊಟ್ಟ ಅನುಭವ

ಹೆರಿಗೆ ವಾರ್ಡಿನಲ್ಲಿ ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವ ಮಾತೊಂದಿದೆ: ‘ಮಗು ಚೆನ್ನಾಗಿದೆಯಲ್ಲ, ಮತ್ತೇನು ಬೇಕು? ಅದರ ಮುಖ ನೋಡಿ ಎಲ್ಲ ಮರೆತುಬಿಡಮ್ಮ.’ ಹೇಳುವವರಿಗೆ ಕೆಟ್ಟ ಮನಸ್ಸಿಲ್ಲ, ಸಮಾಧಾನ ಮಾಡಲೆಂದೇ ಹೇಳುತ್ತಾರೆ. ಆದರೆ ಹೆರಿಗೆಯ ಹೊತ್ತಿನಲ್ಲಿ ‘ನಾನು ಸತ್ತೇ ಹೋದೆ’ ಎಂದು ಹೆದರಿದ ಹೆಂಗಸಿನ ಬಾಯಿ ಈ ಮಾತಿನಿಂದ ಕಟ್ಟಿಹೋಗುತ್ತದೆ. ಆಮೇಲೆ ಆಕೆ ಗಂಡನ ಮುಂದೆಯೂ ಹೇಳಿಕೊಳ್ಳುವುದಿಲ್ಲ, ಹೆತ್ತ ತಾಯಿಯ ಮುಂದೆಯೂ ಹೇಳಿಕೊಳ್ಳುವುದಿಲ್ಲ. ತಾಲ್ಲೂಕು ಮಟ್ಟದ ಆಸ್ಪತ್ರೆಗಳ ಸ್ಟಾಫ್ ನರ್ಸುಗಳು, ವೈದ್ಯರು, ಆಯಾಗಳು ಮತ್ತು ಆಶಾ ಕಾರ್ಯಕರ್ತೆಯರಿಗೆ ನಾವು ಕೊಡುವ ತರಬೇತಿಯ ಬಹುಪಾಲು ಸಮಯ ಈ ಒಂದು ಮಾತನ್ನು ಬಿಡಿಸಿ, ಅದರ ಜಾಗಕ್ಕೆ ಬೇರೆ ಮಾತು ತರುವುದಕ್ಕೇ ಹೋಗುತ್ತದೆ.

ಶುರುವಿನಲ್ಲೇ ಒಂದು ವಿಷಯ ಬಗೆಹರಿಯಬೇಕು. ಯಾವ ಹೆರಿಗೆ ಆಘಾತದ ಹೆರಿಗೆ ಎಂಬುದನ್ನು ಕೇಸ್ ಶೀಟ್ ಹೇಳುವುದಿಲ್ಲ. ಶೀಟಿನಲ್ಲಿ ‘ನಾರ್ಮಲ್ ಡೆಲಿವರಿ, ತಾಯಿ ಮಗು ಕ್ಷೇಮ’ ಎಂದಿರುತ್ತದೆ. ಅದೇ ಹೆಂಗಸು ಹತ್ತು ಗಂಟೆ ಒಬ್ಬಳೇ ಮಲಗಿ, ಹೇಳದೆ ಕೇಳದೆ ನಾಲ್ಕು ಸಲ ಒಳಪರೀಕ್ಷೆ ಮಾಡಿಸಿಕೊಂಡು, ಕೊನೆಗೆ ಯಾರೋ ಹೊಟ್ಟೆಯ ಮೇಲೆ ಕೈಯೂರಿ ಒತ್ತಿದ್ದನ್ನು ಅನುಭವಿಸಿರುತ್ತಾಳೆ. (ಹಾಗೆ ಹೊಟ್ಟೆ ಒತ್ತುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಹೇಳಿದೆ.) ಇನ್ನೊಬ್ಬಳಿಗೆ ತುರ್ತು ಸಿಜೇರಿಯನ್ ಆಗಿ, ಎರಡು ಯೂನಿಟ್ ರಕ್ತ ಏರಿಸಿದ್ದರೂ, ಕೊನೆಯವರೆಗೆ ಒಬ್ಬರು ಪಕ್ಕದಲ್ಲಿ ನಿಂತು ಮಾತಾಡಿಸಿದ್ದರಿಂದ ಮನಸ್ಸಿಗೆ ಗಾಯವಾಗಿರುವುದಿಲ್ಲ. ತನ್ನ ಅಥವಾ ಮಗುವಿನ ಜೀವ ಹೋಗುತ್ತದೆ ಅನ್ನಿಸಿತೇ, ತನ್ನ ಮೈಮೇಲೆ ತನಗೇ ಹಿಡಿತವಿಲ್ಲ ಅನ್ನಿಸಿತೇ ಎಂಬುದನ್ನು ಆಕೆಯೇ ಹೇಳಬೇಕು. 2017ರಲ್ಲಿ ಪ್ರಕಟವಾದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, ಹೆರಿಗೆಯ ನಂತರ ಸುಮಾರು ನೂರಕ್ಕೆ 4 ತಾಯಂದಿರಲ್ಲಿ ಪೂರ್ಣ ಪ್ರಮಾಣದ ಆಘಾತೋತ್ತರ ಕಾಯಿಲೆ (ಪಿಟಿಎಸ್‌ಡಿ) ಕಾಣಿಸುತ್ತದೆ. ತುರ್ತು ಶಸ್ತ್ರಚಿಕಿತ್ಸೆ, ಅವಧಿಪೂರ್ವ ಹೆರಿಗೆ, ಮಗುವಿನ ಸಾವು ಮುಂತಾದ ಹೆಚ್ಚು ಅಪಾಯದ ಗುಂಪಿನಲ್ಲಿ ಅದು ನೂರಕ್ಕೆ 18.5ಕ್ಕೆ ಏರುತ್ತದೆ. ತಿಂಗಳಿಗೆ 100 ಹೆರಿಗೆ ನಡೆಯುವ ಆಸ್ಪತ್ರೆಯಲ್ಲಿ ಇದು ಅಪರೂಪದ ಸಂಗತಿಯಲ್ಲ.

ತಂಡ 16 ಜನರನ್ನು ಮೀರಬಾರದು. ನಾವು ಇಡೀ ದಿನದ ಕಾರ್ಯಾಗಾರ ಮಾಡುವುದನ್ನು ಬಿಟ್ಟಿದ್ದೇವೆ. ವಾರ್ಡ್ ಖಾಲಿ ಬಿಟ್ಟು ಬಂದವರ ಜೀವ ಅಲ್ಲೇ ಇರುತ್ತದೆ, ಊಟವಾದ ಮೇಲೆ ಅರ್ಧ ಜನ ಇರುವುದಿಲ್ಲ. ಈಗ ಮೂರು ವಾರ, ವಾರಕ್ಕೊಂದು ಮಧ್ಯಾಹ್ನ, ಎರಡೂವರೆಯಿಂದ ಐದೂವರೆ. ಬೆಳಗಿನ ಪಾಳಿ ಎರಡಕ್ಕೆ ಮುಗಿಯುವುದರಿಂದ ಈ ಹೊತ್ತು ಹೊಂದುತ್ತದೆ. ಮೊದಲ ಮಧ್ಯಾಹ್ನ ವೈದ್ಯರನ್ನು ಕರೆಯುವುದಿಲ್ಲ. ಕರೆದಾಗ ನರ್ಸುಗಳು ತುಟಿ ಬಿಚ್ಚಲಿಲ್ಲ, ವೈದ್ಯರೇ ಮೂರು ಗಂಟೆ ಮಾತಾಡಿದರು. ಎರಡನೇ ವಾರದಿಂದ ಎಲ್ಲರೂ ಒಟ್ಟಿಗೆ. ಆಯಾಗಳನ್ನು ಮಾತ್ರ ಮೊದಲ ದಿನವೇ ಕೂರಿಸಿಕೊಳ್ಳುತ್ತೇವೆ. ರಾತ್ರಿ ಎರಡು ಗಂಟೆಯಲ್ಲಿ ಹೆರುವ ಹೆಂಗಸಿನ ಕೈ ಹಿಡಿಯುವವರೂ ಅವರೇ, ‘ಕಿರುಚಬೇಡ’ ಎಂದು ಗದರುವವರೂ ಅವರೇ. ಅವರನ್ನು ಬಿಟ್ಟು ಕೊಟ್ಟ ತರಬೇತಿ ಅರ್ಧ ತರಬೇತಿ.

ಪ್ರೊಜೆಕ್ಟರ್ ಇರುವುದಿಲ್ಲ. ಮೊದಲ ಅಭ್ಯಾಸ ಲೇಬರ್ ಟೇಬಲ್ಲಿನ ಮೇಲೆಯೇ. ಖಾಲಿ ಇರುವ ಟೇಬಲ್ ಮೇಲೆ ಒಬ್ಬರು ಉಟ್ಟ ಬಟ್ಟೆಯಲ್ಲೇ ಮಲಗಿ, ಮೈಮೇಲೆ ಹೊದಿಕೆ ಹಾಕಿಕೊಂಡು, ಕಾಲುಗಳನ್ನು ಸ್ಟಿರಪ್ಪಿನಲ್ಲಿ ಇಡಬೇಕು. ಉಳಿದ ಮೂವರು ಸುತ್ತ ನಿಂತು ತಮ್ಮ ತಮ್ಮಲ್ಲೇ ಡ್ಯೂಟಿ ರೋಸ್ಟರ್, ಸಂಬಳ, ಊಟದ ವಿಷಯ ಮಾತಾಡಬೇಕು. ಮಲಗಿದವರ ಜೊತೆ ಯಾರೂ ಮಾತಾಡುವಂತಿಲ್ಲ. ನಾಲ್ಕು ನಿಮಿಷ, ಗಡಿಯಾರ ನೋಡಿ. ಎದ್ದ ಮೇಲೆ ಒಂದೇ ಪ್ರಶ್ನೆ: ‘ಏನು ಕಂಡಿತು, ಏನು ಕೇಳಿತು?’ ಏನನ್ನಿಸಿತು ಎಂದು ಕೇಳುವುದಿಲ್ಲ. ಉತ್ತರಗಳು ಹೆಚ್ಚು ಕಡಿಮೆ ಒಂದೇ ತರಹ ಬರುತ್ತವೆ: ಕಣ್ಣಿಗೆ ಹೊಡೆಯುವ ದೀಪ, ತಿರುಗುವ ಫ್ಯಾನು, ಮುಖ ಕಾಣದ ದನಿಗಳು, ಬಾಗಿಲು ಎಷ್ಟು ಸಲ ತೆರೆಯಿತೋ ಅಷ್ಟು ಸಲ ಮೈ ಬಿಗಿಯಾದದ್ದು. ಹದಿನೈದು ವರ್ಷ ಅದೇ ಕೋಣೆಯಲ್ಲಿ ದುಡಿದವರು ಆ ಕೋಣೆಯ ಸೂರನ್ನು ಅಂದೇ ಮೊದಲು ನೋಡಿರುತ್ತಾರೆ.

ಈ ಅಭ್ಯಾಸದಲ್ಲಿ ಎರಡು ಎಚ್ಚರ ಬೇಕು. ಯಾರನ್ನೂ ಒತ್ತಾಯ ಮಾಡಿ ಮಲಗಿಸಬಾರದು. ತಂಡದಲ್ಲಿ ಹೆತ್ತವರಿರುತ್ತಾರೆ, ಮಗು ಕಳೆದುಕೊಂಡವರಿರುತ್ತಾರೆ. ಅವರ ಹಳೆಯ ಗಾಯ ಅಲ್ಲೇ ಬಿಚ್ಚಿಕೊಳ್ಳಬಹುದು. ಅದಕ್ಕೇ ಒಬ್ಬ ತರಬೇತುದಾರರು ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಎದ್ದು ಹೋಗಲು ಕಾರಣ ಹೇಳಬೇಕಿಲ್ಲ ಎಂದು ಮೊದಲೇ ತಿಳಿಸಿರುತ್ತೇವೆ. ಇನ್ನೊಂದು, ಮೊದಲ ನಿಮಿಷ ಎಲ್ಲರೂ ನಗುತ್ತಾರೆ. ನಗಲಿ, ಗದರಬಾರದು. ಎರಡನೇ ನಿಮಿಷಕ್ಕೆ ನಗು ತಾನಾಗಿ ನಿಲ್ಲುತ್ತದೆ.

ಆಮೇಲೆ ಬೋರ್ಡಿನ ಮೇಲೆ ಮಾತುಗಳನ್ನು ಬರೆಸುತ್ತೇವೆ. ‘ನಮ್ಮ ವಾರ್ಡಿನಲ್ಲಿ ಯಾರಾದರೂ ಆಡುವ ಮಾತು’ ಎಂದರೆ ಸಾಕು, ‘ನೀವು ಆಡುವ ಮಾತು’ ಎನ್ನಬಾರದು. ಹತ್ತು ನಿಮಿಷದಲ್ಲಿ ಬೋರ್ಡು ತುಂಬುತ್ತದೆ. ‘ನೀನೊಬ್ಬಳೇನಾ ಹೆರೋದು?’ ‘ಈಗ ಕಿರುಚೋಳು ಆಗ ಎಲ್ಲಿಗೆ ಹೋಗಿದ್ದೆ?’ ‘ಮೂರನೇ ಬೆಡ್ಡಿನ ಸಿಜೇರಿಯನ್ನು.’ ‘ಹಣೆಬರಹ ಕಣಮ್ಮ.’ ‘ಇನ್ನೂ ಚಿಕ್ಕ ವಯಸ್ಸು, ಇನ್ನೊಂದು ಆಗತ್ತೆ ಬಿಡು.’ ಬೈಗುಳದಂಥವನ್ನು ಬಿಡಬೇಕೆಂದು ಎಲ್ಲರೂ ಬೇಗ ಒಪ್ಪುತ್ತಾರೆ. ಕಷ್ಟವಾಗುವುದು ಸಮಾಧಾನದ ಮಾತುಗಳನ್ನು ಬಿಡುವುದು. ‘ಮಗು ಚೆನ್ನಾಗಿದೆಯಲ್ಲ’ ಎನ್ನದಿದ್ದರೆ ಇನ್ನೇನು ಹೇಳಬೇಕು ಎಂದು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವಾಗಿ ಬಾಯಿಪಾಠವಾಗುವಷ್ಟು ಚಿಕ್ಕ ನಾಲ್ಕು ಮಾತು ಕೊಡುತ್ತೇವೆ:

‘ನಿಮಗೆ ತುಂಬಾ ಕಷ್ಟವಾಯಿತು ಅಂತ ನನಗೆ ಗೊತ್ತು.’
‘ಆ ಹೊತ್ತಲ್ಲಿ ನಿಮಗೆ ಹೆದರಿಕೆ ಆಯ್ತಾ?’
‘ಏನು ನಡೀತು, ಯಾಕೆ ನಡೀತು ಅಂತ ಕೇಳಬೇಕು ಅನ್ನಿಸಿದರೆ ಕೇಳಿ. ಈಗಲ್ಲದಿದ್ದರೆ ನಾಳೆ ಕೇಳಿ.’
‘ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ.’

ಉತ್ತರ ಕರ್ನಾಟಕದ ಆಸ್ಪತ್ರೆಗಳಲ್ಲಿ ಇವೇ ಮಾತು ‘ಭಾಳ ತ್ರಾಸ ಆತಲ್ಲ್ರಿ ನಿಮಗ’ ಎಂದು ಶುರುವಾಗುತ್ತವೆ. ಆಯಾ ಊರಿನವರಿಂದಲೇ ಹೇಳಿಸಿ, ಅವರ ಬಾಯಲ್ಲಿ ಬಂದಂತೆಯೇ ಚೀಟಿಯಲ್ಲಿ ಬರೆಯುತ್ತೇವೆ. ಪುಸ್ತಕದ ಭಾಷೆಯಲ್ಲಿ ಬರೆದ ಚೀಟಿಯನ್ನು ಯಾರೂ ಬಳಸಲಿಲ್ಲ. ಹೆಸರು ಹಿಡಿದು, ‘ನೀವು’ ಎಂದೇ ಮಾತಾಡಿಸಬೇಕು. ಹಿರಿಯ ಸಿಸ್ಟರ್‌ಗಳು ಪ್ರೀತಿಯಿಂದ ‘ನೀನು’ ಎನ್ನುವುದುಂಟು. ಆದರೆ ನೋವಿನಲ್ಲಿ, ಗುರುತಿಲ್ಲದವರ ಬಾಯಲ್ಲಿ ಅದು ಪ್ರೀತಿಯಾಗಿ ಕೇಳಿಸದು.

ಹಾಸಿಗೆ ಪಕ್ಕದ ಅಭ್ಯಾಸಕ್ಕೆ ಅತಿ ಹೆಚ್ಚು ಸಮಯ ಕೊಡುತ್ತೇವೆ, ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ. ಸನ್ನಿವೇಶ ಇದು: ಹೆರಿಗೆಯಾಯಿತು, ಕಸ (ಮಾಸು) ಬೀಳಲಿಲ್ಲ, ರಕ್ತ ಹೋಗುತ್ತಲೇ ಇತ್ತು, ಕೈಹಾಕಿ ಕಸ ತೆಗೆದರು. ಮರುದಿನ ಬೆಳಿಗ್ಗೆ ಬಾಣಂತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, ಮಗು ಅತ್ತರೂ ತಿರುಗುತ್ತಿಲ್ಲ. ನರ್ಸ್ ಪಾತ್ರದವರು ಮೊದಲು ಸ್ಟೂಲ್ ಎಳೆದುಕೊಂಡು ಕೂರಬೇಕು. ನಿಂತು ಮಾತಾಡಿದರೆ ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ಕೂತ ಮೇಲೆ ಹೆಸರು, ಆಮೇಲೆ ಮೊದಲ ಮಾತು, ಆಮೇಲೆ ಸುಮ್ಮನಿರಬೇಕು. ಪಕ್ಕದಲ್ಲಿ ಒಬ್ಬರು ಬೆರಳೆಣಿಸುತ್ತಾರೆ. ಹತ್ತು ಸೆಕೆಂಡು ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ಮಾಡಿ ನೋಡಿದವರಿಗೇ ಗೊತ್ತು. ಹೆಚ್ಚಿನವರು ಮೂರನೇ ಸೆಕೆಂಡಿಗೆ ‘ಹಾಲು ಕುಡಿಸಿದ್ರಾ?’ ಎಂದುಬಿಡುತ್ತಾರೆ. ಬಾಣಂತಿ ಮಾತು ಶುರು ಮಾಡುವುದು ಸಾಮಾನ್ಯವಾಗಿ ಆರೇಳು ಸೆಕೆಂಡಿನ ಮೇಲೆ.

ಆಕೆ ‘ನಿನ್ನೆ ಅವರು ಒಳಗೆ ಕೈ ಹಾಕಿದ್ರಲ್ಲ, ಯಾಕೆ?’ ಎಂದು ಕೇಳಿದರೆ, ಉತ್ತರವನ್ನು ಕೇಸ್ ಶೀಟ್ ನೋಡಿಕೊಂಡೇ ಕೊಡಬೇಕು: ‘ಕಸ ತಾನಾಗಿ ಬರಲಿಲ್ಲ. ಅದು ಒಳಗೇ ಇದ್ದರೆ ರಕ್ತ ನಿಲ್ಲೋದಿಲ್ಲ, ಅದಕ್ಕೆ ಕೈಹಾಕಿ ತೆಗೀಬೇಕಾಯ್ತು. ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ತುಂಬಾ ನೋವಾಗಿರಬೇಕು.’ ‘ಹೇಳಬೇಕಿತ್ತು, ಹೇಳಲಿಲ್ಲ’ ಎಂಬ ಭಾಗದಲ್ಲಿ ಎಲ್ಲರೂ ತಡವರಿಸುತ್ತಾರೆ. ತಪ್ಪೊಪ್ಪಿಕೊಂಡರೆ ದೂರು ಕೊಡುತ್ತಾರೆ ಎಂಬ ಭಯ. ಎರಡನೇ ವಾರ ವೈದ್ಯರೊಂದಿಗೆ ಕೂತು ಇದನ್ನು ಇತ್ಯರ್ಥ ಮಾಡಲೇಬೇಕು. ನಡೆದದ್ದನ್ನು ಹೇಳುವುದು, ನೋವಿಗೆ ಬೇಸರ ವ್ಯಕ್ತಪಡಿಸುವುದು ನರ್ಸ್ ಮಾಡಬಹುದಾದ ಕೆಲಸ. ಚಿಕಿತ್ಸೆಯ ನಿರ್ಧಾರದ ಬಗ್ಗೆ ಪ್ರಶ್ನೆ ಬಂದರೆ ವೈದ್ಯರೇ ಹಾಸಿಗೆಯ ಬಳಿ ಬಂದು ಕೂತು ಉತ್ತರಿಸಬೇಕು. ಈ ಒಪ್ಪಂದವಿಲ್ಲದೆ ನರ್ಸುಗಳಿಗೆ ‘ಸತ್ಯ ಹೇಳಿ’ ಎಂದು ಕಲಿಸಿ ಕಳಿಸುವುದು ಅನ್ಯಾಯ.

ಇನ್ನು ಮಾಡಬಾರದ್ದು. ಕೇಳುವುದನ್ನು ಕಲಿತ ಹುಮ್ಮಸ್ಸಿನಲ್ಲಿ ಕೆಲವರು ‘ಮೊದಲಿನಿಂದ ಎಲ್ಲ ಹೇಳಿ, ಮನಸ್ಸು ಹಗುರಾಗುತ್ತೆ’ ಎಂದು ಕೆದಕತೊಡಗುತ್ತಾರೆ. ಬಾಣಂತಿಯನ್ನು ಕೂರಿಸಿ, ಒಂದೇ ಸಲಕ್ಕೆ ಇಡೀ ಘಟನೆಯನ್ನು ಮತ್ತೆ ಅನುಭವಿಸುವಂತೆ ಹೇಳಿಸುವ ಪದ್ಧತಿಯಿಂದ ಲಾಭವಿಲ್ಲ. ಮೆಲ್ಬರ್ನಿನಲ್ಲಿ ಶಸ್ತ್ರಕ್ರಿಯೆಯ ಹೆರಿಗೆಯಾದ ಸಾವಿರಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸೂಲಗಿತ್ತಿ ನರ್ಸುಗಳು ಆಸ್ಪತ್ರೆಯಲ್ಲೇ ಒಂದು ಸಲ ಮಾಡಿದ ಇಂಥ ಮಾತುಕತೆ ಖಿನ್ನತೆಯನ್ನು ತಗ್ಗಿಸಲಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಸಂಸ್ಥೆಯಾದ ನೈಸ್‌ನ ಮಾರ್ಗಸೂಚಿಯೂ ಅದನ್ನು ಬೇಡವೆನ್ನುತ್ತದೆ. ಆಕೆ ಹೇಳಿದಷ್ಟನ್ನು ಕೇಳಬೇಕು, ಆಕೆ ಕೇಳಿದಷ್ಟಕ್ಕೆ ಉತ್ತರಿಸಬೇಕು. ಹಾಗೆಯೇ, ರಾತ್ರಿ ನಿದ್ದೆ ಬರಲಿಲ್ಲವೆಂದು ಆಲ್‌ಪ್ರಾಜೋಲಾಮ್ ಜಾತಿಯ ಮಾತ್ರೆ ಬರೆದುಕೊಡುವ ಅಭ್ಯಾಸವನ್ನು ವೈದ್ಯರೊಂದಿಗೆ ಚರ್ಚಿಸುತ್ತೇವೆ. ಆಘಾತವಾದ ಮೊದಲ ತಿಂಗಳಲ್ಲಿ ಅದರ ಲಕ್ಷಣಗಳಿಗೆಂದು ಆ ಗುಂಪಿನ ಮಾತ್ರೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ.

ಗಾಯವಾದ ಮೇಲೆ ಮಾತಾಡುವುದಕ್ಕಿಂತ ಗಾಯವಾಗದಂತೆ ತಡೆಯುವುದು ಮೇಲು. ಎರಡನೇ ಮಧ್ಯಾಹ್ನದ ತುರ್ತು ಡ್ರಿಲ್‌ನಲ್ಲಿ ನಾವು ಒಂದು ಕೆಲಸವನ್ನು ಸೇರಿಸಿದ್ದೇವೆ. ರಕ್ತಸ್ರಾವದ ಡ್ರಿಲ್ ಎಲ್ಲರಿಗೂ ಗೊತ್ತು: ಒಬ್ಬರು ಗರ್ಭಕೋಶ ತಿಕ್ಕುತ್ತಾರೆ, ಒಬ್ಬರು ಆಕ್ಸಿಟೋಸಿನ್, ಒಬ್ಬರು ಐವಿ ಲೈನು, ಒಬ್ಬರು 108ಕ್ಕೆ ಫೋನು. ಇವರ ಜೊತೆ ‘ತಲೆ ಹತ್ತಿರದವರು’ ಒಬ್ಬರು ಇರಬೇಕು. ಅವರ ಕೆಲಸ ಬಾಣಂತಿಯ ಮುಖಕ್ಕೆ ಮುಖ ಕೊಟ್ಟು ನಿಂತು, ಭುಜದ ಮೇಲೆ ಕೈಯಿಟ್ಟು, ನಿಮಿಷಕ್ಕೊಮ್ಮೆಯಾದರೂ ಏನು ನಡೆಯುತ್ತಿದೆ ಎಂದು ಹೇಳುವುದು: ‘ರಕ್ತ ಜಾಸ್ತಿ ಹೋಗ್ತಿದೆ, ನಿಲ್ಲಿಸೋ ಇಂಜೆಕ್ಷನ್ ಕೊಟ್ಟಿದ್ದೀವಿ. ನಾನು ಇಲ್ಲೇ ಇದ್ದೀನಿ. ಮಗು ವಾರ್ಮರ್‌ನಲ್ಲಿದೆ, ಅಳ್ತಿದೆ, ಕೇಳಿಸ್ತಾ?’ ಸುಳ್ಳು ಭರವಸೆ ಕೊಡಕೂಡದು; ‘ಏನೂ ಆಗಲ್ಲ’ ಎನ್ನುವಂತಿಲ್ಲ. ರಾತ್ರಿ ಒಬ್ಬ ನರ್ಸ್, ಒಬ್ಬ ಆಯಾ ಮಾತ್ರ ಇರುವ ಕಡೆ ಈ ಕೆಲಸ ಆಯಾ ಮಾಡಬಹುದು, ಹೆರಿಗೆ ಸಂಗಾತಿಯಾಗಿ ಬಂದ ಅವ್ವನೋ ಅಕ್ಕನೋ ಮಾಡಬಹುದು. 2017ರ ಡಿಸೆಂಬರಿನಲ್ಲಿ ಶುರುವಾದ, ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವ ಕೇಂದ್ರ ಸರ್ಕಾರದ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಸಂಗಾತಿಗೆ ಜಾಗ ಕೊಟ್ಟಿದೆ. ಆದರೂ ತುರ್ತು ಬಂದ ಕೂಡಲೇ ಮೊದಲು ಹೊರಗೆ ಕಳಿಸುವುದು ಅವರನ್ನೇ. ನಿಲ್ಲಲು ಜಾಗ ತೋರಿಸಿ, ಏನು ಹೇಳಬೇಕೆಂದು ಹೇಳಿಕೊಟ್ಟರೆ ಅವರು ಅಡ್ಡಿಯಾಗುವುದಿಲ್ಲ.

ಮಗು ತೀರಿಕೊಂಡ ತಾಯಿಯ ಬಗ್ಗೆ ಪ್ರತ್ಯೇಕವಾಗಿ ಒಂದು ಗಂಟೆ. ಅಕ್ಕಪಕ್ಕ ಎಲ್ಲರ ಮಡಿಲಲ್ಲೂ ಕೂಸಿರುವ ವಾರ್ಡಿನಲ್ಲಿ ಆಕೆಯನ್ನು ಮಲಗಿಸಬಾರದು. ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಸ್ತ್ರೀರೋಗ ವಾರ್ಡಿನಲ್ಲಿ ಒಂದು ಮೂಲೆ, ಒಂದು ಪರದೆ. ಪಾಳಿ ಬದಲಾದಾಗ ಹೊಸಬರು ಬಂದು ‘ಗಂಡೋ ಹೆಣ್ಣೋ?’ ಎಂದು ಕೇಳದಂತೆ ಹಾಸಿಗೆಯ ಕಂಬಿಗೆ ಒಂದು ನೀಲಿ ದಾರ ಕಟ್ಟುತ್ತೇವೆ. ಅದರ ಅರ್ಥ ಊಟ ತರುವವರಿಗೂ ಗುಡಿಸುವವರಿಗೂ ಗೊತ್ತಿರಬೇಕು. ಮಗುವನ್ನು ನೋಡಬೇಕೋ, ಎತ್ತಿಕೊಳ್ಳಬೇಕೋ ಎಂದು ತಾಯಿಯನ್ನೇ ಕೇಳಬೇಕು, ಒಮ್ಮೆ ಬೇಡವೆಂದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಮನೆಯವರು ‘ತೋರಿಸಬೇಡಿ, ತಡ್ಕೊಳಲ್ಲ’ ಎನ್ನುತ್ತಾರೆ. ಅದು ಅವರ ಭಯ, ನಿರ್ಧಾರ ಆಕೆಯದು. ಎರಡು-ಮೂರನೇ ದಿನ ಎದೆಹಾಲು ಬರುತ್ತದೆ ಎಂದು ಮೊದಲೇ ಹೇಳಿ ಕಳಿಸಬೇಕು. ಯಾರೂ ಹೇಳದೆ, ಮನೆಯಲ್ಲಿ ಒಂದು ಬೆಳಿಗ್ಗೆ ರವಿಕೆ ಒದ್ದೆಯಾದಾಗ ಆ ತಾಯಿಗೆ ಆಗುವ ಸಂಕಟವನ್ನು ಬರೆಯಲು ನಮಗೆ ಮಾತು ಸಿಗುವುದಿಲ್ಲ.

ಮನೆಗೆ ಹೋದ ಮೇಲಿನ ಜವಾಬ್ದಾರಿ ಹೆಚ್ಚಾಗಿ ಆಶಾ ಕಾರ್ಯಕರ್ತೆಯರದು. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಹೋಗಲೇಬೇಕು, ಆದ್ದರಿಂದ ಹೊಸ ಭೇಟಿ ಬೇಕಿಲ್ಲ. ಭೇಟಿಯಲ್ಲಿ ಏನು ನೋಡಬೇಕೆಂದು ಹೇಳಿಕೊಟ್ಟರೆ ಸಾಕು. ಆಘಾತದ ಲಕ್ಷಣಗಳು ನಾಲ್ಕು ಗುಂಪು. ಬೇಡವೆಂದರೂ ನುಗ್ಗಿ ಬರುವ ನೆನಪು, ಕೆಟ್ಟ ಕನಸು. ನೆನಪು ತರುವುದರಿಂದ ದೂರ ಓಡುವುದು. ಮನಸ್ಸು ಕಲ್ಲಾಗುವುದು, ತನ್ನದೇ ತಪ್ಪೆನ್ನುವುದು. ಸಣ್ಣ ಸದ್ದಿಗೂ ಬೆಚ್ಚುವುದು, ಮಗು ಉಸಿರಾಡುತ್ತಿದೆಯೇ ಎಂದು ರಾತ್ರಿಯೆಲ್ಲ ಎದ್ದು ನೋಡುವುದು. ಒಂದು ತಿಂಗಳು ಮೀರಿ ಇವು ಉಳಿದು ದಿನದ ಬದುಕಿಗೆ ಅಡ್ಡಿಯಾದರೆ ಅದು ಕಾಯಿಲೆ. ಆದರೆ ಯಾವ ಬಾಣಂತಿಯೂ ಈ ಭಾಷೆಯಲ್ಲಿ ಹೇಳುವುದಿಲ್ಲ. ‘ಕಣ್ಣು ಮುಚ್ಚಿದ್ರೆ ಆ ಲೈಟೇ ಕಾಣತ್ತೆ’, ‘ಡೆಟಾಲ್ ವಾಸನೆ ಬಂದ್ರೆ ಎದೆ ಢವಢವ ಅನ್ನತ್ತೆ’, ‘ಈ ಮಗು ನಂದು ಅನ್ಸೋದೇ ಇಲ್ಲ’ ಎನ್ನುತ್ತಾಳೆ. ಆಶಾಗಳಿಂದಲೇ ಇಂಥ ಮಾತುಗಳನ್ನು ಕೂಡಿಸಿ ನಾಲ್ಕು ಗುಂಪಿಗೆ ಹಂಚಿಸುತ್ತೇವೆ. ದೂರ ಓಡುವ ಲಕ್ಷಣ ಬಹಳ ಸಲ ಸೋಮಾರಿತನದಂತೆ ಕಾಣುತ್ತದೆ: ಆರನೇ ವಾರದ ತಪಾಸಣೆಗೆ ಬರುವುದಿಲ್ಲ, ಮಗುವಿನ ಚುಚ್ಚುಮದ್ದಿಗೆ ಅತ್ತೆಯ ಕೈಲಿ ಕಳಿಸುತ್ತಾಳೆ, ಕಾಪರ್-ಟಿ ಎಂದ ಕೂಡಲೇ ನಡುಗುತ್ತಾಳೆ. ಇಂಥವರನ್ನು ‘ಹೇಳಿದ್ದು ಕೇಳಲ್ಲ’ ಎಂದು ಬರೆದಿಡುವ ಬದಲು ಹೆರಿಗೆಯ ಬಗ್ಗೆ ಒಂದು ಮಾತು ಕೇಳಬೇಕು.

ಕನ್ನಡಕ್ಕೂ ಬಂದಿರುವ ಎಡಿನ್‌ಬರೋ ಮಾಪನದ 10 ಪ್ರಶ್ನೆಗಳನ್ನು ಬಳಸುವುದನ್ನು ಕಲಿಸುತ್ತೇವೆ, ಅದರ ಮಿತಿಯನ್ನೂ ಹೇಳುತ್ತೇವೆ. ಅದು ಖಿನ್ನತೆಯನ್ನು ಅಳೆಯಲು 1987ರಲ್ಲಿ ಮಾಡಿದ್ದು, ಆಘಾತವನ್ನು ನೇರವಾಗಿ ಕೇಳುವುದಿಲ್ಲ. ಅಂಕ ಕಡಿಮೆ ಬಂದ ಮಾತ್ರಕ್ಕೆ ‘ಚೆನ್ನಾಗಿದ್ದಾಳೆ’ ಎನ್ನಲಾಗದು. ಹತ್ತನೇ ಪ್ರಶ್ನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ನೋಡುತ್ತ ಕೂರದೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಅತ್ತೆ ಪಕ್ಕದಲ್ಲಿ ಕೂತಿರುವಾಗ ಈ ಪ್ರಶ್ನೆ ಕೇಳಿದರೆ ಉತ್ತರ ಯಾವಾಗಲೂ ಸೊನ್ನೆಯೇ. ಹಾಲು ಕುಡಿಸುವುದನ್ನು, ಹೊಲಿಗೆಯನ್ನು ನೋಡುವ ಹೊತ್ತು ಬಾಗಿಲು ಮುಂದೆ ಮಾಡಿಕೊಳ್ಳುವುದು ಎಲ್ಲ ಮನೆಯಲ್ಲೂ ಸಹಜ, ಕೇಳುವುದು ಆಗಲೇ.

ಮೊದಲ ತಂಡದಲ್ಲಿ ನಮ್ಮಿಂದಲೇ ಒಂದು ತಪ್ಪಾಯಿತು. ನಿಗಾ ಬೇಕಾದವರ ತಾಯಿ ಕಾರ್ಡಿನ ಮೇಲೆ ‘ಮಾನಸಿಕ’ ಎಂದು ಬರೆಸಿದೆವು. ಕಾರ್ಡನ್ನು ಮನೆಯವರೆಲ್ಲ ಓದುತ್ತಾರೆ ಎಂಬುದು ಹೊಳೆದಿರಲಿಲ್ಲ. ‘ಸೊಸೆಗೆ ತಲೆ ಕೆಟ್ಟಿದೆಯಂತೆ’ ಎಂಬ ಮಾತು ಹುಟ್ಟಿತು. ಈಗ ಕಾರ್ಡಿನಲ್ಲಿ ‘ಹೆಚ್ಚುವರಿ ಗಮನ: 7, 28, 42’ ಎಂದಷ್ಟೇ ಇರುತ್ತದೆ, ಕಾರಣವನ್ನು ಬಾಣಂತಿಯ ಒಪ್ಪಿಗೆ ಪಡೆದು ಆಶಾಗೆ ಬಾಯಲ್ಲಿ ಹೇಳುತ್ತೇವೆ.

ಕಳಿಸುವ ದಾರಿ ಗೊತ್ತಿಲ್ಲದಿದ್ದರೆ ಕೇಳಿಯೂ ಪ್ರಯೋಜನವಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯರ ಕ್ಲಿನಿಕ್ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡಬಹುದು. ತರಬೇತಿಯಲ್ಲೇ ಎಲ್ಲರ ಫೋನಿನಲ್ಲಿ ಸೇವ್ ಮಾಡಿಸುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗವಿದೆ. ‘ಅಲ್ಲಿಗೆ ಹೋದರೆ ಮಗು ಕಿತ್ತುಕೊಳ್ತಾರೆ’ ಎಂಬ ಹೆದರಿಕೆಗೆ ಉತ್ತರ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ: ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರ್ಪಡಿಸುವಂತಿಲ್ಲ. ಇದೆಲ್ಲದರಿಂದ ಬೇರೆಯಾಗಿ ಗುರುತಿಸಬೇಕಾದದ್ದು ಬಾಣಂತಿ ಸನ್ನಿ. ಹೆರಿಗೆಯಾದ ಮೊದಲೆರಡು ವಾರದಲ್ಲಿ ನಿದ್ದೆಯೇ ಇಲ್ಲದೆ, ಇಲ್ಲದ್ದು ಕೇಳಿಸಿ ಕಾಣಿಸಿ, ಮಾತು ಹಳಿ ತಪ್ಪಿದರೆ ಮಂಗಳವಾರದವರೆಗೆ ಕಾಯಬಾರದು. ಅದೇ ದಿನ ಕಳಿಸಬೇಕು, ತಾಯಿ ಮಗುವನ್ನು ಒಂದು ಕ್ಷಣವೂ ಇಬ್ಬರೇ ಇರುವಂತೆ ಬಿಡಬಾರದು.

ಮೂರನೇ ಮಧ್ಯಾಹ್ನದ ಕೊನೆಯ ಮುಕ್ಕಾಲು ಗಂಟೆ ಸಿಬ್ಬಂದಿಗಾಗಿ. ತಾಯಿಯೊಬ್ಬಳು ಕೈಯಲ್ಲೇ ಹೋದ ರಾತ್ರಿ ಕಳೆದು ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿ ಮನೆಗೆ ಹೋಗುವ ನರ್ಸನ್ನು ಯಾರೂ ಏನೂ ಕೇಳುವುದಿಲ್ಲ. ಕೆಟ್ಟ ಪ್ರಕರಣದ ನಂತರ, ಪಾಳಿ ಮುಗಿಯುವ ಮೊದಲು, ಹತ್ತು ನಿಮಿಷ ಎಲ್ಲರೂ ಕೂತು ಟೀ ಕುಡಿಯಬೇಕು. ಯಾರು ತಪ್ಪು ಮಾಡಿದರು ಎಂಬುದು ಅಲ್ಲಿ ಬರಕೂಡದು. ತಾಯಿ ಮರಣದ ಪರಿಶೀಲನಾ ಸಭೆ ಬೇರೆ ದಿನ, ಬೇರೆ ಕೋಣೆಯಲ್ಲಿ. ಇಲ್ಲಿ ಕೇಳುವುದು ಎರಡೇ: ಈಗ ಹೇಗಿದ್ದೀರಿ, ಮನೆಗೆ ಜೊತೆಗೆ ಯಾರಿದ್ದಾರೆ. ಮಾತಾಡಲು ಇಷ್ಟವಿಲ್ಲದವರು ಸುಮ್ಮನೆ ಕೂರಬಹುದು. ತನ್ನ ನೋವನ್ನು ನುಂಗಿಕೊಂಡೇ ಬಂದವರಿಗೆ ಇನ್ನೊಬ್ಬರ ನೋವಿನ ಮುಂದೆ ಹತ್ತು ಸೆಕೆಂಡು ಕೂರಲಾಗದು.

ತರಬೇತಿಯ ಬಿಸಿ ಎರಡು ತಿಂಗಳಲ್ಲಿ ಆರುತ್ತದೆ. ವರ್ಗಾವಣೆ ಆಗುತ್ತದೆ, ಗುತ್ತಿಗೆ ನರ್ಸುಗಳು ಬದಲಾಗುತ್ತಾರೆ. ಅದಕ್ಕೇ ಹದಿನೈದು ದಿನಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವ ಹೊತ್ತಿನಲ್ಲಿ, ಹದಿನೈದು ನಿಮಿಷದ ಒಂದು ಅಭ್ಯಾಸ: ಒಂದು ಸನ್ನಿವೇಶ, ಒಂದು ಮಾತು, ಒಂದು ಸ್ಟೂಲ್. ನಡೆಸುವವರು ನಾವಲ್ಲ, ಆ ವಾರ್ಡಿನದೇ ಇಬ್ಬರು. ಫಲ ನೋಡಲು ಸಿಬ್ಬಂದಿಗೆ ಪ್ರಶ್ನೆಪತ್ರಿಕೆ ಕೊಡುವುದನ್ನು ನಿಲ್ಲಿಸಿದ್ದೇವೆ, ಅದರಲ್ಲಿ ಎಲ್ಲರೂ ಪಾಸಾಗುತ್ತಾರೆ. ಬದಲಿಗೆ ಡಿಸ್‌ಚಾರ್ಜ್ ದಿನ, ಹೆರಿಗೆ ಕೋಣೆಯಲ್ಲಿ ಇಲ್ಲದಿದ್ದ ಒಬ್ಬರು ಬಾಣಂತಿಯನ್ನು ಮೂರು ಮಾತು ಕೇಳುತ್ತಾರೆ. ನಿಮ್ಮನ್ನು ಹೆಸರು ಹಿಡಿದು ಮಾತಾಡಿಸಿದರಾ? ಮುಟ್ಟುವ ಮೊದಲು ಹೇಳಿದರಾ? ಆದದ್ದರ ಬಗ್ಗೆ ನಿಮ್ಮ ಹತ್ತಿರ ಯಾರಾದರೂ ಕೂತು ಮಾತಾಡಿದರಾ? ಉತ್ತರ ಹೌದು ಅಥವಾ ಇಲ್ಲ, ಹೆಸರಿಲ್ಲದ ಚೀಟಿಯಲ್ಲಿ ಗುರುತು. ತಿಂಗಳ ಕೊನೆಗೆ ಎಣಿಸಿ ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸುತ್ತೇವೆ. ಮೂರನೇ ಪ್ರಶ್ನೆಗೆ ‘ಇಲ್ಲ’ ಹೆಚ್ಚಾದ ತಿಂಗಳು ಮೊದಲು ಪರೀಕ್ಷಿಸುವುದು ವಾರ್ಡಿನಲ್ಲಿ ಸ್ಟೂಲ್‌ಗಳು ಇವೆಯೇ, ಇಲ್ಲವೇ ಒಪಿಡಿಗೆ ಹೋಗಿವೆಯೇ ಎಂಬುದನ್ನು.